ಹಂಪಿಗೆ ಒಂದೇ ದಿನ: ಕಲ್ಲಿನ ರಥದ ಜೊತೆ ಇನ್ನೇನು ನೋಡಬಹುದು?

ಪ್ರಶ್ನೆ: ಬೆಳಿಗ್ಗೆ ರೈಲಿನಲ್ಲಿ ಹೊಸಪೇಟೆಗೆ ಇಳಿದು ರಾತ್ರಿ ವಾಪಸ್. ಜೊತೆಯಲ್ಲಿ ವಯಸ್ಸಾದ ಅಪ್ಪ-ಅಮ್ಮ ಇರುತ್ತಾರೆ. 50 ರೂಪಾಯಿ ನೋಟಿನ ಮೇಲಿನ ರಥ ನೋಡಲೇಬೇಕು ಅಂತಾರೆ. ಯಾವ ಕ್ರಮದಲ್ಲಿ ಹೋದರೆ ಒಳ್ಳೆಯದು?

ಉತ್ತರ 1: ಮೊದಲು ವಿಠ್ಠಲ ದೇವಸ್ಥಾನ, ರಥ ಇರುವುದು ಅಲ್ಲೇ. ವಾಹನ ನಿಲ್ಲಿಸುವ ಜಾಗದಿಂದ ಗುಡಿಗೆ ಸುಮಾರು ಒಂದು ಕಿಲೋಮೀಟರ್. ಬ್ಯಾಟರಿ ಗಾಡಿಗಳಿವೆ, ಆದರೆ ಹೊತ್ತೇರಿದಂತೆ ಸರದಿ ಬೆಳೆಯುತ್ತದೆ. ಬಂಡೆಗಳ ಊರು, ಮಧ್ಯಾಹ್ನ ಕಲ್ಲು ಕಾದು ಕಾಲಿಡಲಾಗುವುದಿಲ್ಲ. ಗುಡಿಯ ಪ್ರವೇಶ ಟಿಕೆಟ್ ಬಿಸಾಡಬೇಡಿ, ಅದೇ ದಿನ ಕಮಲ ಮಹಲಿನ ಆವರಣಕ್ಕೂ ಕಮಲಾಪುರದ ಮ್ಯೂಸಿಯಂಗೂ ಅದೇ ನಡೆಯುತ್ತದೆ. ಬಿಸಿಲಿನ ಹೊತ್ತನ್ನು ಮ್ಯೂಸಿಯಂನಲ್ಲೇ ಕಳೆಯಿರಿ.

ಉತ್ತರ 2: ರಥ ಎಂದು ಕರೆದರೂ ಅದು ಗರುಡನ ಗುಡಿ, ಅದಕ್ಕೇ ವಿಠ್ಠಲನಿಗೆ ಎದುರಾಗಿದೆ. ಫೋಟೋ ತೆಗೆದು ಓಡುವವರಿಗೆ ಇದು ಕಾಣುವುದೇ ಇಲ್ಲ. ಸುತ್ತ ಒಮ್ಮೆ ನಡೆದು ಕೆಳಪಟ್ಟಿಯ ಕೆತ್ತನೆ ನೋಡಿ. ತಟ್ಟಿದರೆ ಸ್ವರ ಹೊಮ್ಮುವ ಅಲ್ಲಿನ ಸಂಗೀತದ ಕಂಬಗಳನ್ನು ಮಾತ್ರ ತಟ್ಟಬೇಡಿ, ಸಾವಿರಾರು ಕೈಗಳ ಏಟಿಗೆ ಕಲ್ಲು ಸವೆಯುತ್ತದೆ.

ಉತ್ತರ 3: ಹಜಾರರಾಮ ದೇವಸ್ಥಾನ ಬಿಡಬೇಡಿ. ಗೋಡೆಯ ಮೇಲೆ ರಾಮಾಯಣ ಸಾಲುಸಾಲಾಗಿದೆ, ಹತ್ತುವ ಶ್ರಮವೂ ಇಲ್ಲ. ಸಂಜೆಗೆ ವಿರೂಪಾಕ್ಷ. ಅಲ್ಲಿ ಹಿಂಬದಿಯ ಕತ್ತಲ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಬೆಳಕು ನೇರವಾಗಿ ಸಾಗುವುದರಿಂದ, ಗೋಡೆಯ ಕಿರುಕಿಂಡಿ ದಾಟುವಾಗ ಗೋಪುರದ ಮೇಲ್ಭಾಗದ ಬೆಳಕು ಕೆಳಕ್ಕೂ ಕೆಳಭಾಗದ್ದು ಮೇಲಕ್ಕೂ ಹೋಗಿ ಬೀಳುತ್ತದೆ, ಅದಕ್ಕೇ ಹೀಗೆ. ಮೋಡವಿದ್ದರೆ ಮಸುಕು, ಹಾಗಾಗಿ ಬಿಸಿಲಿರುವಾಗಲೇ ತಲುಪಿ. ಮಾತಂಗ ಬೆಟ್ಟ ಹಿರಿಯರಿಗೆ ಬೇಡ, ಮೆಟ್ಟಿಲು ಕಡಿದು.