ಶ್ರೀಲಂಕಾದಲ್ಲಿ ತೀರಿಕೊಂಡ ನಮ್ಮ ದೊಡ್ಡಪ್ಪನ ಬಗ್ಗೆ ಅವರ ಗೆಳೆಯರ ಹತ್ರ ಕೇಳಿ ಬರೀಬೇಕು, ಹೇಗೆ ಶುರು ಮಾಡ್ಲಿ?

ಬೇಲೆಕೇರಿ_ಹುಡುಗಿ:
ಎಲ್ರಿಗೂ ನಮಸ್ಕಾರ. ನಮ್ಮದು ಅಂಕೋಲಾ ತಾಲೂಕು. ನಮ್ಮ ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ರು, ಅಂದ್ರೆ ಸೈನ್ಯದ ಎಂಜಿನಿಯರ್ ಪಡೆ, ಅದಕ್ಕೇ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅಂತಾರೆ. ಬೆಂಗಳೂರಿನ ಎಂಇಜಿ ಸೆಂಟರಲ್ಲಿ ಟ್ರೈನಿಂಗ್ ಆಗಿದ್ದು. 1987ರ ಜುಲೈನಲ್ಲಿ ರಾಜೀವ್ ಗಾಂಧಿ ಮತ್ತೆ ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದ ಆಗಿ ಲಂಕಾಕ್ಕೆ ಶಾಂತಿಪಾಲನಾ ಪಡೆ ಅಂತ ಕಳಿಸಿದ್ರಲ್ಲ, ಅದರಲ್ಲಿ ಹೋದವರು ವಾಪಸ್ ಬರ್ಲೇ ಇಲ್ಲ. ಈಗಿನ ಹಾಗೆ ಧ್ವಜ ಹೊದಿಸಿ ಊರಿಗೆ ತಂದು ಊರೆಲ್ಲ ಸೇರಿ ಕಳಿಸಿಕೊಡೋದು ಆಗ ಆಗ್ಲಿಲ್ಲ, ಮನೆಗೆ ಮೊದಲು ಟೆಲಿಗ್ರಾಂ ಬಂತಂತೆ, ಆಮೇಲೆ ಹೆಸರು ನಂಬರು ಬರೆದ ಕಪ್ಪು ಟ್ರಂಕು ಬಂತಂತೆ, ಅಷ್ಟೇ.

ಅಜ್ಜಿ ಇರೋ ತನಕ ಮನೇಲಿ ಯಾರೂ ಅವರ ಸುದ್ದಿ ಎತ್ತತಿರ್ಲಿಲ್ಲ, ಎತ್ತಿದ್ರೆ ಅಜ್ಜಿ ಆ ದಿನ ಊಟ ಮಾಡ್ತಿರ್ಲಿಲ್ಲ. ಈಗ ಅಜ್ಜಿನೂ ಇಲ್ಲ. ಅಪ್ಪ ಆಗ ಹೈಸ್ಕೂಲು, ಅವರಿಗೆ ನೆನಪಿರೋದು ಅಣ್ಣ ರಜೆಗೆ ಬರ್ತಿದ್ದದ್ದು ಹೋಗ್ತಿದ್ದದ್ದು ಮಾತ್ರ. ಶಾಲೇಲಿ ಆಗಸ್ಟ್ 15ಕ್ಕೆ ಫೋಟೋಕ್ಕೆ ಮಾಲೆ ಹಾಕಿ ವೀರಯೋಧ ಅಂತ ಭಾಷಣ ಮಾಡ್ತಾರೆ, ಅದು ನಮಗೆ ಹೆಮ್ಮೆನೇ, ಆದ್ರೆ ಆ ಭಾಷಣದಲ್ಲಿ ಹೆಸರೊಂದು ಬದಲಾಯಿಸಿದ್ರೆ ಬೇರೆ ಯಾರಿಗಾದ್ರೂ ಹೊಂದುತ್ತೆ. ನಂಗೆ ಇವರೇ ಬೇಕು. ಇವರ ಜೊತೆ ವಾಲಿಬಾಲ್ ಆಡಿದವರು, ನಮ್ಮ ಕಡೆಯ ಜಾತ್ರೆ ಬಂಡಿಹಬ್ಬಕ್ಕೆ ಹೋದವರು, ಅಲ್ಲಿ ಒಂದೇ ಟೆಂಟಲ್ಲಿ ಮಲಗಿದವರು ಇನ್ನೂ ಇದ್ದಾರೆ, ಎಲ್ಲರಿಗೂ ಅರವತ್ತು ದಾಟಿದೆ, ಅದಕ್ಕೇ ನಂಗೆ ಅವಸರ.

ಜೊತೆಗಿದ್ದ ಫೌಜಿಗಳನ್ನ ಹುಡುಕೋದು ಹೇಗೆ? ಊರಲ್ಲಿರೋ ಒಬ್ಬ ಗೆಳೆಯರ ಹತ್ರ ಕೇಳಿದ್ರೆ "ಒಳ್ಳೆ ಮನುಷ್ಯ ಆಗಿದ್ದ ಮಾರಾಯ್ತಿ" ಅಂದು ಸುಮ್ಮನಾಗ್ತಾರೆ, ಮುಂದೆ ಏನು ಕೇಳ್ಬೇಕು?

ಕುಮಟಾ_ಹವಾಲ್ದಾರ್:
ತಂಗಿ, ನಾನೂ ಎಂಇಜಿನೇ, ಲಂಕಾಕ್ಕೂ ಹೋಗಿ ಬಂದವ. ನಮ್ಮನ್ನ ಎಲ್ಲ ಕಡೆ ತಂಬಿ, ತಮಿಳಲ್ಲಿ ತಮ್ಮ, ಅಂತಾನೇ ಕರೀತಿದ್ರು.

ಮೊದಲು ಆ ಟ್ರಂಕಿನ ಮೇಲಿನ ನಂಬರ್ ಬರ್ಕೊ. ಮನೇಲಿ ಹಳೇ ಪತ್ರ ಇದ್ರೆ ಹಿಂದ್ಗಡೆ ಕಳಿಸಿದವರ ವಿಳಾಸ ನೋಡು, ಊರಿನ ಹೆಸರು ಇರಲ್ಲ, ಯೂನಿಟ್ ಹೆಸರು ಮತ್ತೆ ಕೇರ್ ಆಫ್ ಎಪಿಓ (ಸೈನ್ಯದ ಅಂಚೆ ಕಚೇರಿ) ಅಂತಿರ್ತದೆ, ಅಲ್ಲಿ ಫೀಲ್ಡ್ ಕಂಪನಿ, ಅಂದ್ರೆ ಅವರಿದ್ದ ತುಕಡಿಯ ನಂಬರ್ ಸಿಕ್ರೆ ಅರ್ಧ ಕೆಲಸ ಆದಂಗೆ. ಅದನ್ನ ಹಾಕಿ ಅಪ್ಪನ ಹೆಸರಲ್ಲಿ, ಅಂದ್ರೆ ಸ್ವಂತ ತಮ್ಮ ಅಂತ, ಬೆಂಗಳೂರಿನ ಎಂಇಜಿ ರೆಕಾರ್ಡ್ ಆಫೀಸಿಗೆ ಅರ್ಜಿ ಬರೀರಿ. ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯಲ್ಲೂ ಹೇಳಿಡಿ. ಕಂಪನಿ ಕಂಪನಿಗೆ ರಿಟೈರ್ ಆದವರ ವಾಟ್ಸಾಪ್ ಗ್ರೂಪ್ ಇರ್ತದೆ, ಒಬ್ಬ ಸಿಕ್ಕಿದ್ರೆ ಉಳಿದವರು ತಾವಾಗೇ ಬರ್ತಾರೆ. ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ, 2019ರಲ್ಲಿ ಉದ್ಘಾಟನೆ ಆಯ್ತಲ್ಲ ಅದು, ಆಪರೇಷನ್ ಪವನ್‌ನಲ್ಲಿ, ಅಂದ್ರೆ ಈ ಲಂಕಾ ಕಾರ್ಯಾಚರಣೆಯಲ್ಲಿ, ತೀರಿಕೊಂಡವರ ಹೆಸರನ್ನೂ ಗ್ರಾನೈಟಿನ ಮೇಲೆ ಕೆತ್ತಿದ್ದಾರೆ. ಹೋದಾಗ ಅಪ್ಪನ್ನ ಕರ್ಕೊಂಡು ಹೋಗು.

ಇನ್ನು ಕೇಳೋ ವಿಷಯ. ಹೆಂಗೆ ಸತ್ರು ಅಂತ ಮೊದಲಿಗೇ ಕೇಳ್ಬೇಡ. ಅಲ್ಲಿ ನಮ್ಮ ಕೆಲಸ ಹೆಂಗಿತ್ತು ಅಂದ್ರೆ ಬೆಳಗ್ಗೆ ಗಾಡಿ ಬಿಡೋಕ್ಕಿಂತ ಮುಂಚೆ ರಸ್ತೆ ಓಪನ್ ಮಾಡ್ಬೇಕು, ಡಿಟೆಕ್ಟರ್ ಹಿಡಿದವ ಮುಂದೆ, ಅವನ ಹಿಂದೆ ಪ್ರಾಡರ್ ಹಿಡಿದವ ನೆಲ ಚುಚ್ಚಿ ಚುಚ್ಚಿ ನೋಡ್ತಾ ಬರೋದು, ಎಲ್‌ಟಿಟಿಇಯವರು, ಆ ತಮಿಳು ಹುಲಿಗಳು, ರಸ್ತೆ ಅಡಿಗೇ ಬಾಂಬ್ ಹೂಳಿ ದೂರದಿಂದ ವೈರ್ ಎಳೆದು ಸಿಡಿಸ್ತಿದ್ರು. ಆ ಹೊತ್ತಲ್ಲಿ ಯಾರೂ ಮಾತಾಡಲ್ಲ. ಪಕ್ಕದಲ್ಲಿದ್ದವ ಹೋದ ಮೇಲೆ ಉಳಿದವನಿಗೆ ನಾನ್ಯಾಕೆ ಉಳಿದೆ ಅನ್ನೋದು ಇಷ್ಟು ವರ್ಷ ಆದ್ರೂ ಹೋಗಲ್ಲ, ನೀನು ನೆಟ್ಟಗೆ ಅದನ್ನೇ ಕೇಳಿದ್ರೆ ಅವ ಫೋನ್ ಇಟ್ಟುಬಿಡ್ತಾನೆ. ಲಂಗರಿನ, ಅಂದ್ರೆ ಸೈನ್ಯದ ಅಡುಗೆಮನೆಯ, ಊಟದ ಬಗ್ಗೆ ಕೇಳು. ಊರಿಂದ ಪಾರ್ಸೆಲ್ ಬಂದ್ರೆ ಏನಿರ್ತಿತ್ತು, ಯಾರ ಜೊತೆ ಜಗಳ ಆಡ್ತಿದ್ರು, ರಜೆಗೆ ಹೊರಟಾಗ ರೈಲಲ್ಲಿ ಏನು ಮಾಡ್ತಿದ್ರು. ಅಲ್ಲಿಂದ ಅವನೇ ನಿನ್ನನ್ನ ಕರ್ಕೊಂಡು ಹೋಗ್ತಾನೆ, ಹೋಗದಿದ್ರೆ ಅಷ್ಟಕ್ಕೇ ಬಿಟ್ಟುಬಿಡು.

ಚೆಂಡಿಯಾ_ತಡಿ:
ಹವಾಲ್ದಾರರು ಹೇಳಿದ್ದು ಬಹಳ ಸರಿ. ನಮ್ಮೂರಿನ ಮೇಜರ್ ರಾಮ ರಾಘೋಬಾ ರಾಣೆಯವರೂ ಸ್ಯಾಪರೇ, ಬಾಂಬೆ ಸ್ಯಾಪರ್ಸ್. ಅವರು ಯುದ್ಧದಲ್ಲಿ ಮಡಿದವರಲ್ಲ, 1994ರ ತನಕ ಬದುಕಿದ್ರು, ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರು. ಕಾರವಾರ ಬೀಚಲ್ಲಿ ಅವರ ಪ್ರತಿಮೆ ನೋಡೋಕೆ ಮಕ್ಕಳನ್ನ ಕರ್ಕೊಂಡು ಹೋದಾಗ ಪರಮವೀರ ಚಕ್ರ ಅಂದ್ರೆ ಹುಡುಗರು ಹೂಂ ಅಂತಾವೆ ಅಷ್ಟೆ. 1948ರ ಏಪ್ರಿಲ್‌ನಲ್ಲಿ ಜಮ್ಮು ಕಾಶ್ಮೀರದ ನೌಶೇರಾದಿಂದ ರಜೌರಿಗೆ ರಸ್ತೆ ಬಿಡಿಸ್ತಾ ಹೋಗುವಾಗ ಚಲಿಸೋ ಟ್ಯಾಂಕಿನ ಅಡಿಗೇ ಅದರ ಸಮಕ್ಕೆ ತೆವಳ್ತಾ, ಎರಡು ಹಗ್ಗ ಎಳೆದು ಡ್ರೈವರಿಗೆ ನಿಲ್ಲು ಹೋಗು ಅಂತ ಸನ್ನೆ ಕೊಟ್ರು ಅಂದ ಕೂಡ್ಲೇ ಎಲ್ಲವೂ ಬಾಯಿಬಿಟ್ಟು ಕೇಳ್ತಾವೆ, ಹಗ್ಗ ಎಷ್ಟು ಉದ್ದ ಇತ್ತು ಅಂತಾವೆ. ಹಂಗಾಗಿ ಸಣ್ಣ ಸಣ್ಣದನ್ನೇ ಕೇಳಿ.

ಒಂದು ಮಾತು ಮಾತ್ರ, ದೊಡ್ಡಪ್ಪನ ಬಗ್ಗೆ ಯಾರಾದ್ರೂ ಹಗುರ ಮಾತು ಹೇಳಿದ್ರೆ, ಸಾಲ ಸೋಲ ಕುಡಿತ ಅಂತೆಲ್ಲ, ಅದನ್ನ ಬರೀಬೇಡಿ. ಉತ್ತರ ಕೊಡೋಕೆ ಅವರಿಲ್ಲ.

ಸಿರ್ಸಿ_ಅಕ್ಕೋರು:
ನಾನು ಶಾಲೆ ಮಾಸ್ತರಿಕೆ ಮಾಡಿ ನಿವೃತ್ತಿ ಆದವಳು, ಊರ ಹಿರಿಯರ ಮಾತು ಬರೆದಿಡೋ ಅಭ್ಯಾಸ ಇದೆ. ಚೆಂಡಿಯಾದವರ ಕಳಕಳಿ ಅರ್ಥ ಆಗ್ತದೆ, ಆದ್ರೂ ನಾನು ಪೂರ್ತಿ ಒಪ್ಪಲ್ಲ. ಮರ್ಯಾದೆ ತೆಗೆಯೋ ಮಾತು ಬೇರೆ, ಮನುಷ್ಯನ ಗುಣ ಬೇರೆ. ಸಿಟ್ಟು ಬರ್ತಿತ್ತು, ಹೆದರ್ತಿದ್ರು, ಕೈಯಲ್ಲಿ ದುಡ್ಡು ನಿಲ್ತಿರ್ಲಿಲ್ಲ ಅನ್ನೋದನ್ನೆಲ್ಲ ಒರೆಸಿಹಾಕಿದ್ರೆ ಉಳಿಯೋದು ಮತ್ತೆ ಅದೇ ಆಗಸ್ಟ್ 15ರ ಭಾಷಣ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಅವ, ಅವನನ್ನ ಹುಡುಗನಾಗೇ ಇಡಿ.

ಇಬ್ಬರು ಒಂದೇ ಘಟನೆನ ಬೇರೆ ಬೇರೆ ಥರ ಹೇಳ್ತಾರೆ, ಎರಡನ್ನೂ ಬರ್ಕೊಳ್ಳಿ, ಯಾವುದು ಸರಿ ಅಂತ ತೀರ್ಪು ಕೊಡ್ಬೇಡಿ. ಅವರ ಮಾತು ಅವರ ಬಾಯಲ್ಲಿ ಹೇಗೆ ಬಂತೋ ಹಾಗೇ ಇರ್ಲಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಫೋಟೋ ಇದ್ರೆ ಒಯ್ದು ಕೈಗೆ ಕೊಡಿ, ಅವರು ನೋಡ್ತಾ ಇರ್ಲಿ, ನೀವು ಸುಮ್ನೆ ಕೂತಿರಿ. ಗುಂಪಲ್ಲಿ ಕೇಳ್ಬೇಡಿ, ಗುಂಪಲ್ಲಿ ಎಲ್ಲರೂ ಹೊಗಳ್ತಾರೆ. ಮತ್ತೆ ಬರೆದಿದ್ದನ್ನ ಅವರಿಗೇ ಒಮ್ಮೆ ಓದಿ ಹೇಳಿ, ಬೇಡ ಅಂದಿದ್ದನ್ನ ತೆಗೀರಿ.

ಬೇಲೆಕೇರಿ_ಹುಡುಗಿ:
ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ಊರಿನ ಆ ಗೆಳೆಯರ ಮನೆಗೆ ಹೋಗಿ ವಾಲಿಬಾಲ್ ಟೀಮಿನ ಫೋಟೋ ಕೊಟ್ಟೆ, ಸಾವಿನ ಸುದ್ದಿನೇ ಎತ್ತಲಿಲ್ಲ. ಅವರೇ ಶುರು ಮಾಡಿದ್ರು. ನಮ್ಮ ದೊಡ್ಡಪ್ಪಂಗೆ ದೋಣಿ ಅಂದ್ರೆ ಆಗ್ತಾನೇ ಇರ್ಲಿಲ್ಲವಂತೆ! ಸಮುದ್ರದ ದಂಡೆ ಮೇಲೆ ಹುಟ್ಟಿ ಬೆಳೆದವರು, ದೋಣಿ ಹತ್ತಿದ್ರೆ ವಾಂತಿ, ಗೆಳೆಯರು ಬಲೆ ಎಳೆಯೋಕೆ ಹೋದ್ರೆ ಇವರು ದಂಡೆ ಮೇಲೆ ಬಟ್ಟೆ ಕಾಯ್ತಾ ಕೂರೋದು. ಆಮೇಲೆ ಲಂಕಾಕ್ಕೆ ಹಡಗಲ್ಲೇ ಕಳಿಸಿದ್ರಂತೆ. ಅಲ್ಲಿಂದ ಇವರಿಗೆ ಪತ್ರ ಬರೆದಿದ್ದಾರೆ, ಹಡಗಲ್ಲಿ ಮಲಗೇ ಇದ್ದೆ, ಊರಲ್ಲಿ ಯಾರಿಗೂ ಹೇಳ್ಬೇಡ, ಬಂಡಿಹಬ್ಬದ ಹೊತ್ತಿಗೆ ರಜೆ ಕೇಳಿದ್ದೀನಿ ಅಂತ. ಪತ್ರ ಅವರ ಹತ್ರ ಇದೆ, ನಂಗೆ ಫೋಟೋ ತೆಗೆಯೋಕೆ ಕೊಟ್ರು. ಅಪ್ಪಂಗೂ ಇದು ಗೊತ್ತಿರ್ಲಿಲ್ಲ. ಓದಿ ಬಹಳ ಹೊತ್ತು ನಕ್ಕರು, ಆಮೇಲೆ ಎದ್ದು ಹೊರಗೆ ಹೋದ್ರು.

ಅಕ್ಕೋರೇ, ಇದನ್ನ ಬರೀತೀನಿ. ಅವರ ಗೆಳೆಯರೂ ಬರಿ ಅಂದ್ರು.

ಹವಾಲ್ದಾರ್ ಅಣ್ಣ, ಪತ್ರದ ಹಿಂದೆ ಕಂಪನಿ ನಂಬರ್ ಇದೆ, ಪತ್ರದಲ್ಲಿ ಮಧುರೈ ಕಡೆಯ ಒಬ್ಬ ಜೊತೆಗಾರನ ಹೆಸರೂ ಇದೆ. ಸಿಕ್ಕಿದ್ರೂ ನಂಗೆ ತಮಿಳು ಬರಲ್ಲ, ಅವರಿಗೆ ಕನ್ನಡ ಬರುತ್ತೋ ಇಲ್ವೋ.

ಕುಮಟಾ_ಹವಾಲ್ದಾರ್:
ಎಂಇಜಿಯಲ್ಲಿ ಇದ್ದವನಿಗೆ ತಮಿಳು, ತೆಲುಗು, ಮಲಯಾಳ, ಕನ್ನಡ ಎಲ್ಲ ಸ್ವಲ್ಪ ಸ್ವಲ್ಪ ಬಂದೇ ಬರ್ತದೆ, ಚಿಂತೆ ಬೇಡ. ನಂಬರನ್ನೂ ಹೆಸರನ್ನೂ ಇಲ್ಲಿ ಎಲ್ಲರೆದುರು ಹಾಕ್ಬೇಡ, ನಂಗೆ ಮೆಸೇಜ್ ಮಾಡು. ಆ ಕಂಪನಿಯವರು ಇಬ್ಬರು ನಂಗೆ ಪರಿಚಯ, ಇವತ್ತು ಸಂಜೆ ಫೋನ್ ಹಚ್ತೆ. ಸಿಕ್ಕಿದ್ರೆ ಮೊದಲು ನಾನೇ ಮಾತಾಡಿ, ನಿನ್ನ ಹತ್ರ ಮಾತಾಡೋಕೆ ಮನಸ್ಸಿದ್ಯಾ ಅಂತ ಕೇಳಿ ತಿಳಿಸ್ತೆ. ಪತ್ರದ ಫೋಟೋನೂ ಕಳಿಸು, ಅವ ಅದನ್ನ ನೋಡ್ಲಿ.