ಹೆಂಚಿನ ಮನೆಯ ಉಪ್ಪರಿಗೆಯಲ್ಲಿ ಆಫೀಸು ರೂಮು: ಚಂದವೂ ಇರಬೇಕು, ಬೂಷ್ಟೂ ಹಿಡಿಯಬಾರದು

ತುಂಗೆದಡದವಳು:
ನಮ್ಮದು ತೀರ್ಥಹಳ್ಳಿ ಹತ್ತಿರ ಹಳೇ ಹೆಂಚಿನ ಮನೆ. ನಾನು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಈವರೆಗೆ ಊಟದ ಮೇಜೇ ನನ್ನ ಆಫೀಸು. ಮೀಟಿಂಗ್ ನಡುವೆ ಅತ್ತೆ ಬಂದು "ಹಲಸಿನಕಾಯಿ ಹೆಚ್ಚಬೇಕಿತ್ತು ಮಾರಾಯ್ತಿ, ಸ್ವಲ್ಪ ಸರಿ" ಎನ್ನುತ್ತಾರೆ. ಈಗ ಉಪ್ಪರಿಗೆಯಲ್ಲಿ ಅಡಿಕೆ ಮೂಟೆ ಇಡುತ್ತಿದ್ದ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಸುಮಾರು 10 ಅಡಿಗೆ 12 ಅಡಿ. ಪೂರ್ವಕ್ಕೆ ಮರದ ಸರಳಿನ ಒಂದು ಕಿಟಕಿ, ಹಲಗೆ ನೆಲ, ಮೇಲೆ ಬರೀ ಹೆಂಚು.

ಬಿಳಿ ಗೋಡೆ, ಒಂದು ಮನಿ ಪ್ಲಾಂಟ್, ಇಂಗ್ಲಿಷಿನಲ್ಲಿ ಬರೆದ ಉಪದೇಶದ ಬೋರ್ಡು, ಇಂಥದ್ದು ನನಗೆ ಬೇಡ. ಒಳಗೆ ಕಾಲಿಟ್ಟವರಿಗೆ ಸ್ವಲ್ಪ ನಗು ಬರಬೇಕು, ಆದರೆ ದಿನಕ್ಕೆ ಎಂಟು ಗಂಟೆ ಕೂತು ಕೆಲಸ ಮಾಡುವ ಹಾಗೂ ಇರಬೇಕು. ಗೋಡೆಗೆ ಹಸೆ ಚಿತ್ತಾರ ಬರೆಸುವ ಆಸೆ ಇದೆ. ಆನ್‌ಲೈನ್‌ನಲ್ಲಿ ಅಗ್ಗದ ಮೇಜು ಒಂದು ನೋಡಿಟ್ಟಿದ್ದೇನೆ. ಮಳೆ ಹಿಡಿಯುವುದರೊಳಗೆ ಎಲ್ಲಾ ಮುಗಿಯಬೇಕು. ಏನು ಮಾಡಲಿ ಹೇಳಿ.

ಬಡಗಿಮನೆ:
ಮೊದಲು ಆ ಮೇಜನ್ನು ಮರೆತುಬಿಡಿ. ಅಗ್ಗದ ಮೇಜು ಎಂದರೆ ಸಾಮಾನ್ಯವಾಗಿ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ. ಬೆಂಗಳೂರಿನಲ್ಲಿ ಬಾಳಿಕೆ ಬರಬಹುದು. ನಮ್ಮ ಜುಲೈಗೆ ಅಂಚೆಲ್ಲ ಉಬ್ಬಿ ಸ್ಕ್ರೂ ಸಡಿಲ ಆಗುತ್ತದೆ. ಪ್ಲೈವುಡ್ಡೇ ಬೇಕು ಎಂದರೆ ಐಎಸ್ 710 ಎಂದು ಅಚ್ಚು ಹಾಕಿರುವುದನ್ನು ಕೇಳಿ, ಅದು ನೀರಿಗೆ ತಡೆಯುವಂಥದ್ದು. 303 ನಂಬರಿನಲ್ಲಿ ಎಂಆರ್ ಎಂದು ಬರೆದಿರುವುದು ಬರೀ ಒಳಮನೆಯ ಒಣ ಜಾಗಕ್ಕೆ. ಆದರೆ ಮಲೆನಾಡಿನ ಮನೆಯಲ್ಲಿ ಅಟ್ಟ ಹುಡುಕಿದರೆ ಹಲಸಿನದೋ ಮತ್ತಿಯದೋ ಹಳೇ ಹಲಗೆ ಸಿಗದೇ ಇರುತ್ತದೆಯೇ? ಅದಕ್ಕೇ ರಂಧ ಹೊಡೆಸಿ ಕಾಲು ಕೂರಿಸಿ. ಎತ್ತರ 29 ಇಂಚಿನ ಆಸುಪಾಸು ಇರಲಿ. ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಗಾಳಿಯಾಡಲಿ. ವೈರು ಇಳಿಯುವುದಕ್ಕೂ ಆ ಸಂದಿಯೇ ಸಾಕು.

ಇನ್ನೊಂದು, ಹಲಗೆ ನೆಲದ ಮೇಲೆ ಗಾಲಿ ಕುರ್ಚಿ ಉರುಳಿದರೆ ಕೆಳಗಿನವರಿಗೆ ಗುಡುಗಿದ ಹಾಗೆ ಕೇಳಿಸುತ್ತದೆ. ದಪ್ಪ ಚಾಪೆ ಹಾಸಿಕೊಳ್ಳಿ, ಇಲ್ಲದಿದ್ದರೆ ಅತ್ತೆ ಮತ್ತೆ ಮೇಲೆ ಬರುತ್ತಾರೆ.

ಸೊರಬದ ಕಡೆಯವ:
ಚಿತ್ತಾರ ಬರೆಸಿ, ಆದರೆ ಗೋಡೆ ಮೇಲೆ ನೇರವಾಗಿ ಬೇಡ ಎಂದು ನನ್ನ ಅಭಿಪ್ರಾಯ. ಸಾಗರ, ಸೊರಬ ಕಡೆ ದೀವರ ಹೆಂಗಸರು ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಬರೆಯುವ ಕಲೆ ಅದು. ಬಿಳಿ ಅಕ್ಕಿ ಹಿಟ್ಟಿನದು, ಕಪ್ಪು ಹುರಿದು ಕರಿ ಮಾಡಿದ ಅಕ್ಕಿಯದು, ಹಳದಿ ಗುರಿಗೆ ಕಾಯಿಯದು, ಕುಂಚ ಪುಂಡಿ ನಾರಿನದು. ಎಲ್ಲಾ ಮಣ್ಣಿಗೆ ಸೇರುವ ಸಾಮಾನು. ಮದುವೆಯ ಸಂಭ್ರಮಕ್ಕೆ ಅದು ಸರಿ. ವರ್ಷವಿಡೀ ಇರಬೇಕು ಎಂದರೆ ಶೀತದ ಗೋಡೆಯಲ್ಲಿ ಅಕ್ಕಿ ಹಿಟ್ಟಿಗೆ ಬೂಷ್ಟು ಬಾರದೇ ಇರುತ್ತದೆಯೇ? ಬಟ್ಟೆ ಅಥವಾ ಹಲಗೆ ಮೇಲೆ ಬರೆಸಿ ತೂಗುಹಾಕಿ. ಮಳೆಗಾಲದಲ್ಲಿ ತೆಗೆದು ಒಲೆ ಇರುವ ಕಡೆ ಇಡಬಹುದು. ಬರೆಯುವವರಿಂದಲೇ ಬರೆಸಿ, ಸರಿಯಾದ ದುಡ್ಡು ಕೊಟ್ಟು. ಪ್ರಿಂಟ್ ತೆಗೆಸಿ ಅಂಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಭೂಮಿ ಹುಣ್ಣಿಮೆಗೆ ಬಣ್ಣ ಬರೆಯುವ ಭೂಮಣ್ಣಿ ಬುಟ್ಟಿ ಗೊತ್ತಲ್ವಾ? ಅದು ಪೂಜೆಯ ಬುಟ್ಟಿ. ಅದನ್ನೇ ಕಸದ ಬುಟ್ಟಿ ಮಾಡಬೇಡಿ ದಯವಿಟ್ಟು, ಒಬ್ಬರ ಮನೆಯಲ್ಲಿ ನೋಡಿದ್ದೇನೆ.

ಗೋಡೆಗೆ ಸುಣ್ಣವೇ ವಾಸಿ. ಶೀತ ಒಳಗೆ ಸಿಕ್ಕಿಕೊಳ್ಳುವುದಿಲ್ಲ, ಬೂಷ್ಟೂ ಕಡಿಮೆ. ಪ್ಲಾಸ್ಟಿಕ್ ಪೇಂಟು ಹಚ್ಚಿದರೆ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ.

ಕರೆಂಟಿಲ್ಲದೂರು:
ಚಂದದ ಮಾತು ನಿಮ್ಮದಾಯಿತು, ನಾನು ವೈರಿನ ಮಾತು ಆಡುತ್ತೇನೆ. ನಮ್ಮಲ್ಲಿ ಮಳೆಗಿಂತ ಮೊದಲು, ಏಪ್ರಿಲ್ ಮೇ ತಿಂಗಳ ಸಂಜೆಯ ಸಿಡಿಲೇ ಜಾಸ್ತಿ ಸಾಮಾನು ಸುಡುವುದು. ಅರ್ಥಿಂಗ್ ಸರಿ ಇದೆಯೇ ಎಂದು ಲೈನ್‌ಮ್ಯಾನ್ ಅಲ್ಲ, ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಅರ್ಥಿಂಗ್ ಇಲ್ಲದೆ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವ ಸಾಧನ) ಹಾಕಿದರೆ ಅದು ಹೆಸರಿಗೆ ಮಾತ್ರ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕಿತ್ತುಬಿಡಿ. ಇಂಟರ್ನೆಟ್ ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಅದರಿಂದ ಭಯವಿಲ್ಲ ಎನ್ನುತ್ತಾರೆ. ಸರಿ, ಆದರೆ ರೌಟರ್ ಅಡಾಪ್ಟರ್ ಗೋಡೆಯ ಸಾಕೆಟ್‌ನಲ್ಲೇ ಇರುತ್ತದಲ್ಲ! ರೌಟರ್‌ಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗುತ್ತದೆ, ಕರೆಂಟ್ ಹೋದರೂ ಮೀಟಿಂಗ್ ನಿಲ್ಲುವುದಿಲ್ಲ.

ಮೇಜನ್ನು ಕಿಟಕಿಗೆ ಅಡ್ಡವಾಗಿ ಇಡಿ, ಬೆಳಕು ಪಕ್ಕದಿಂದ ಬರಲಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಕ್ಯಾಮರಾದಲ್ಲಿ ಮುಖ ಕಪ್ಪಗೆ ಕಾಣುತ್ತದೆ. ಮಾಡಿಗೆ ಗಾಜಿನ ಹೆಂಚು ಹಾಕಿಸುವುದಾದರೆ ಉತ್ತರದ ಇಳಿಜಾರಿಗೆ ಹಾಕಿಸಿ, ಸರಿಯಾಗಿ ಮೇಜಿನ ನೆತ್ತಿಗೆ ಬೇಡ. ಆಷಾಢದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲೆ, ಆಗ 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದು ಬರೆದ ಎಲ್‌ಇಡಿ ಓದುವುದಕ್ಕೆ ಹಿತ. ಸಂಜೆ ಸುಮ್ನೆ ಕೂರುವಾಗ 2700ರ ಹಳದಿ ಬಲ್ಬು ಇರಲಿ.

ತುಂಗೆದಡದವಳು:
ಮೇಜಿನ ಆಸೆ ಬಿಟ್ಟೆ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ತಂದುಬಿಡು ಎಂದು ಒಬ್ಬ ಗೆಳತಿ ಹೇಳುತ್ತಿದ್ದಾಳೆ. ಅದು ನಡೆಯುತ್ತದೆಯೇ?

ಕರೆಂಟಿಲ್ಲದೂರು:
ಹೆಂಚಿನ ಸಂದಿಯಲ್ಲಿ ಗಾಳಿ ಬರುವ ಕೋಣೆಗೆ ಬೇಡ. ಅದು ಮುಚ್ಚಿದ ರೂಮಿಗೆ ಮಾಡಿದ ಯಂತ್ರ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ನಿಮ್ಮಲ್ಲಿ ಅಷ್ಟಿಲ್ಲದಿದ್ದರೂ ಹೊರಗಿನ ತೇವವನ್ನೆಲ್ಲ ಅದು ಎಷ್ಟು ಅಂತ ಹೀರೀತು? ಒಂದು ಗಟ್ಟಿ ಕಪಾಟು ಮಾಡಿಸಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಡಬ್ಬ ಇಡಿ. ಕಾಗದ, ಹಾರ್ಡ್ ಡಿಸ್ಕ್, ಕ್ಯಾಮರಾ ಎಲ್ಲಾ ಅದರಲ್ಲಿ.

ಚೆನ್ನೆಮಣೆ ಅಕ್ಕ:
ನಗು ಬರಬೇಕು ಎಂದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಿಮ್ಮ ಅಟ್ಟದಲ್ಲೇ ಅರ್ಧ ಆಫೀಸು ಇದೆ. ಚೆನ್ನೆಮಣೆಯ 14 ಗುಳಿಗೆ ಪಿನ್ನು, ಕ್ಲಿಪ್ಪು, ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಹಾಕಿ. ಬೇಸರ ಬಂದಾಗ ಅವನ್ನೆಲ್ಲ ತೆಗೆದು ಆಟವೂ ಆಡಬಹುದು. ಪೆನ್ನಿಗೆ ಹಳೇ ಸೇರು. ಲ್ಯಾಪ್‌ಟಾಪ್ ಎತ್ತರಿಸುವುದಕ್ಕೆ ಊಟದ ತಟ್ಟೆ ಇಡುವ ಗಿಡ್ಡ ಪೀಠ ಅಡ್ಡಣಿಗೆ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ. ಆಗ ಕೀಬೋರ್ಡು ಬೇರೆ ಬೇಕಾಗುತ್ತದೆ. ಕಡಗೋಲನ್ನು ಗೋಡೆಗೆ ಜಡಿದು ಹೆಡ್‌ಫೋನ್ ನೇತುಹಾಕಿ. ಅಡಿಕೆ ಹಾಳೆಯ ಟೊಪ್ಪಿಯನ್ನು ಎಲ್‌ಇಡಿ ಬಲ್ಬಿಗೆ ಛಾವಣಿ ಮಾಡಿ, ಬಲ್ಬಿಗೂ ಹಾಳೆಗೂ ಒಂದು ಗೇಣು ಅಂತರ ಬಿಟ್ಟು. ಬೆನ್ನ ಹಿಂದಿನ ಗೋಡೆಗೆ ಗೊರಬು (ಮಳೆಗೆ ತಲೆ ಮೇಲಿಂದ ಹೊದೆಯುವ ಹೆಣೆದ ಹೊದಿಕೆ) ತೂಗುಹಾಕಿ, ಮೀಟಿಂಗ್‌ನಲ್ಲಿ ಇದೇನು ಎಂದು ಕೇಳದವರೇ ಇರುವುದಿಲ್ಲ. ಇನ್ನೊಂದು ಗೋಡೆಗೆ ದಪ್ಪ ಕಂಬಳಿ ಹಾಕಿದರೆ ಮಾತು ಪ್ರತಿಧ್ವನಿಸುವುದೂ ಕಡಿಮೆ.

ಕಿಟಕಿಯ ಪರದೆಗೆ ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆ ನೋಡಿ. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನ ಬಣ್ಣ, ಅಡಿಕೆ ಕೋಣೆಗೆ ಅದಕ್ಕಿಂತ ಹೊಂದುವುದು ಇನ್ನೇನು! ಕಿಟಕಿಯ ಹೊರಗೆ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಕಟ್ಟಿ. ಕಾಡಿನ ಮರದಿಂದ ಕೀಳುವುದು ಬೇಡ, ಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ಸಿಕ್ಕರೆ ಮಾತ್ರ.

ಬಡಗಿಮನೆ:
ಅಕ್ಕಾ, ಇಷ್ಟೂ ತೂಗುಹಾಕಿದರೆ ಮ್ಯೂಸಿಯಂ ಆಗುತ್ತದೆ, ಧೂಳು ಹೊಡೆಯುವವರು ಯಾರು? ಒಂದು ಗೋಡೆ ಪೂರ್ತಿ ಖಾಲಿ ಬಿಡಿ. ಮತ್ತೆ ಅಟ್ಟದಿಂದ ಇಳಿಸಿದ ಮರದ ಸಾಮಾನನ್ನೆಲ್ಲ ಬಿಸಿಲಿಗೆ ಹಾಕಿ, ತಟ್ಟಿ ನೋಡಿ ಒಳಗೆ ತನ್ನಿ. ಒಂದರಲ್ಲಿ ಗೆದ್ದಲು ಇದ್ದರೂ ನಿಮ್ಮ ಹಲಗೆ ನೆಲದ ಕತೆ ಮುಗಿಯಿತು.

ಚೆನ್ನೆಮಣೆ ಅಕ್ಕ:
ಆಯಿತಪ್ಪಾ, ಕಂಬಳಿ ಬಿಟ್ಟೆ. ಗೊರಬು ಬಿಡುವುದಿಲ್ಲ.

ತುಂಗೆದಡದವಳು:
ಗೊರಬು ಇದೆ, ಮಾವನದು. ಕೇಳಿದ್ದಕ್ಕೆ "ತೋಟಕ್ಕೆ ಹೋಗುವಾಗ ನಾನೇನು ಲ್ಯಾಪ್‌ಟಾಪ್ ಹೊದ್ದುಕೊಳ್ಳಲಾ" ಎಂದರು. ಬೇರೆ ಹೆಣೆಸಬೇಕು. ಗಾಜಿನ ಹೆಂಚು ಈ ವಾರವೇ ಹಾಕಿಸುತ್ತೇನೆ, ಆದರೆ ನಮ್ಮಲ್ಲಿ ಮಂಗನ ಕಾಟ ವಿಪರೀತ.

ಕರೆಂಟಿಲ್ಲದೂರು:
ಹಾಗಾದರೆ ಒಂದೆರಡು ಜಾಸ್ತಿ ತಂದಿಡಿ, ಮಳೆ ಶುರುವಾದ ಮೇಲೆ ಮಾಡು ಹತ್ತುವವರು ಸಿಗುವುದಿಲ್ಲ. ತರುವಾಗ ನಿಮ್ಮ ಮನೆಯದೇ ಒಂದು ಹಳೇ ಹೆಂಚು ಜೊತೆಗೆ ಒಯ್ಯಿರಿ. ಅಳತೆ ಚೂರು ಬೇರೆ ಇದ್ದರೂ ಸಂದಿಯಲ್ಲಿ ಸೋರುತ್ತದೆ.