ಪಟ್ಟಿ ಬೇಡ, ಹೇಗೆ ಓದುತ್ತೀರಿ ಅಂತ ಹೇಳಿ

ಪ್ರಶ್ನೆ: ಬೆಳಿಗ್ಗೆ ಎದ್ದು ಫೋನ್ ಹಿಡಿದರೆ ಒಂಬತ್ತು ಗಂಟೆ ಆಗಿದ್ದೇ ಗೊತ್ತಾಗುವುದಿಲ್ಲ. ಯುದ್ಧ, ಚುನಾವಣೆ, ಕೋಮು ಗಲಾಟೆ, ಕೆಲಸ ಹೋದವರ ಸುದ್ದಿ. ರಾತ್ರಿ ಪುಸ್ತಕ ತೆಗೆದರೆ ಹತ್ತು ಪುಟಕ್ಕೇ ಮನಸ್ಸು ಎಲ್ಲೋ ಹೋಗುತ್ತದೆ. ಟೈಮ್‌ಪಾಸ್‌ಗೆ ಅಲ್ಲ, ಈಗ ನಡೆಯುತ್ತಿರುವುದು ಸ್ವಲ್ಪವಾದರೂ ಅರ್ಥವಾಗಲಿ ಅಂತ ಓದಬೇಕು ಎಂದಿದ್ದೇನೆ. ನೀವೆಲ್ಲ ಹೇಗೆ ಓದುತ್ತೀರಿ? ಪುಸ್ತಕಗಳ ಪಟ್ಟಿ ಮಾತ್ರ ಬೇಡ. ಅಂಥ ಪಟ್ಟಿ ನನ್ನ ಹತ್ತಿರವೇ ಮೂರಿವೆ.

ಹುಬ್ಬಳ್ಳಿಯಿಂದ:
ನನಗೆ ದಾರಿ ತೋರಿಸಿದ್ದು ನಮ್ಮ ಮನೆಯ ವಾಟ್ಸಾಪ್ ಗ್ರೂಪಿನ ಜಗಳ. ಹೋದ ವರ್ಷ ಕಾಕಾ ಒಂದು ಫಾರ್ವರ್ಡ್ ಹಾಕಿದರು. ‘ಜಾತ್ಯತೀತ’ ಅನ್ನುವ ಪದ ಸಂವಿಧಾನದ ಪೀಠಿಕೆಯಲ್ಲಿ ಇರಲೇ ಇಲ್ಲ, ಆಮೇಲೆ ತುರುಕಿದ್ದು ಅಂತ. ಅಂಬೇಡ್ಕರರೇ ಬರೆದದ್ದು, ಸುಳ್ಳು ಹಬ್ಬಿಸಬೇಡಿ ಅಂತ ಅಣ್ಣ ತಿರುಗಿಬಿದ್ದ. ಎರಡು ದಿನ ಗ್ರೂಪ್ ಹೊತ್ತಿ ಉರಿಯಿತು. ಅವ್ವ ನಡುವೆ ನಾಲ್ಕು ಗಣಪತಿ ಫೋಟೋ ಹಾಕಿ ಆರಿಸಲು ನೋಡಿದಳು. ಆರಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಸಭ್ಯತೆ ಅಂತ ಅಲ್ಲ, ನನಗೆ ಏನೂ ಗೊತ್ತಿರಲಿಲ್ಲ ಅಷ್ಟೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಖಾಲಿ ಪುಟ ಹುಡುಕಿ ಒಂದೇ ಪ್ರಶ್ನೆ ಬರೆದೆ: ಈ ಪದ ಯಾವಾಗ ಬಂತು, ಬರುವುದಕ್ಕೆ ಮುಂಚೆ ಏನಿತ್ತು? ಇದಕ್ಕೆ ಬೇಕಾದದ್ದನ್ನು ಮಾತ್ರ ಓದುವುದು, ಬೇರೆ ಏನೇ ಕಣ್ಣಿಗೆ ಬಿದ್ದರೂ ಆಮೇಲೆ ಅಂತ ಮಾಡಿಕೊಂಡೆ. ಮೂರು ತಿಂಗಳು ಹಿಡಿಯಿತು.

ಪದ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ, ತುರ್ತು ಪರಿಸ್ಥಿತಿ ಇದ್ದಾಗಲೇ. ಹಾಗಾದರೆ ಕಾಕಾ ಹೇಳಿದ್ದು ಸರಿ ಅಲ್ವಾ? ಅಲ್ಲಿಗೇ ಪುಸ್ತಕ ಮುಚ್ಚಿದ್ದರೆ ಹಾಗೇ ಅಂದುಕೊಳ್ಳುತ್ತಿದ್ದೆ. ಪ್ರಶ್ನೆಯ ಎರಡನೇ ಅರ್ಧ ಬಾಕಿ ಇತ್ತು. ಧರ್ಮದ ಕಾರಣಕ್ಕೆ ಸರ್ಕಾರ ಭೇದ ಮಾಡಬಾರದು ಅನ್ನುವ 15ನೇ ವಿಧಿ, ಧರ್ಮ ಸ್ವಾತಂತ್ರ್ಯದ 25ನೇ ವಿಧಿ 1950ರಿಂದಲೇ ಇವೆ. ಇನ್ನೂ ಹಿಂದೆ ಹೋದರೆ, 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯ ಸದಸ್ಯ ಕೆ.ಟಿ. ಷಾ ಇದೇ ಪದವನ್ನು, ಜೊತೆಗೆ ‘ಸಮಾಜವಾದಿ’ ಅನ್ನುವುದನ್ನೂ ಸಂವಿಧಾನದ ಮೊದಲ ವಿಧಿಗೇ ಸೇರಿಸಿ ಎಂದು ಕೇಳಿದ್ದರು. ಬೇಡ ಎಂದವರು ಅಂಬೇಡ್ಕರ್! ಸಮಾಜ ಹೇಗಿರಬೇಕು ಎನ್ನುವುದನ್ನು ಆಯಾ ಕಾಲದ ಜನರೇ ತೀರ್ಮಾನಿಸಲಿ ಎಂಬುದು ಅವರ ವಾದ. ಆ ಮಾತು ಮುಖ್ಯವಾಗಿ ‘ಸಮಾಜವಾದಿ’ ಪದಕ್ಕೆ ಕೊಟ್ಟ ಉತ್ತರ ಅನ್ನುವುದು ಪೂರ್ತಿ ಓದಿದ ಮೇಲೆ ತಿಳಿಯಿತು. ಅರ್ಧ ಓದಿದ್ದರೆ ನಾನೂ ಒಂದು ಫಾರ್ವರ್ಡ್ ತಯಾರಿಸುತ್ತಿದ್ದೆ.

ಆಮೇಲೆ 1973ರ ಕೇಶವಾನಂದ ಭಾರತಿ ಪ್ರಕರಣ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು. ಕೇಸು ಹಾಕಿದ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು ಅನ್ನುವುದೇ ನನಗೆ ಹೊಸದು. ಅಲ್ಲಿಂದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಕೇಸು. ನಮ್ಮ ಕಡೆಯವರು. 1989ರಲ್ಲಿ ಅವರ ಸರ್ಕಾರವನ್ನು ಕಿತ್ತುಹಾಕಿದ್ದು ಅಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದೆ. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಆ ಕೇಸಿನಲ್ಲಿ, ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು ಅಂದದ್ದಷ್ಟೇ ಅಲ್ಲ, ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಅಂತಲೂ ಹೇಳಿದರು. ಅಪ್ಪನ ಕಥೆಯಲ್ಲಿ ಈ ಅರ್ಧ ಇರಲಿಲ್ಲ.

ನೋಟ್‌ಬುಕ್ಕಿನ ಎರಡು ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಕಾಕಾ ಬರೆದರು: ‘ಅಂದ್ರ ಇಬ್ಬರದೂ ಅರ್ಧರ್ಧ ಖರೆ.’ ಅಣ್ಣ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ.

ಮೈಸೂರಿನಿಂದ:
ಮೇಲಿನವರ ಹಾಗೆ ಮೂರು ತಿಂಗಳು ನನ್ನ ಕೈಲಾಗದು, ಶಾಲೆ ಕೆಲಸವೇ ಜಾಸ್ತಿ. ನಾನು ಮಾಡುವುದು ಒಂದೇ. ಪುಸ್ತಕ ಕೊಳ್ಳುವುದು ನಿಲ್ಲಿಸಿ ಸಾರ್ವಜನಿಕ ಗ್ರಂಥಾಲಯದಿಂದ ತರುತ್ತೇನೆ. ವಾಪಸ್ ಕೊಡುವ ತಾರೀಖು ಇರುತ್ತದಲ್ಲ, ಅದೇ ನನ್ನನ್ನು ಓದಿಸುತ್ತದೆ. ಅಂದ ಹಾಗೆ, ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಗ್ರಂಥಾಲಯ ಸೆಸ್ ಅಂತ ಇರುತ್ತದೆ. 1965ರ ಕಾಯ್ದೆಯಿಂದ ಬಂದದ್ದು. ದುಡ್ಡು ಕಟ್ಟಿಯಾಗಿದೆ, ಹೋಗಿ ಓದಿ.

ಕಾಸರಗೋಡಿನಿಂದ:
ಪ್ರಶ್ನೆ ಬರೆದುಕೊಂಡು ಓದುವುದು ಕಾನೂನಿಗೆ, ಚರಿತ್ರೆಗೆ ಸರಿ. ಕಾದಂಬರಿಗೆ ಮಾತ್ರ ದಯವಿಟ್ಟು ಬೇಡ. ನಿರಂಜನರ ‘ಚಿರಸ್ಮರಣೆ’ಯನ್ನು ನಾನು ಮೊದಲ ಸಲ ಹಾಗೆ ಓದಿ ಕೆಡಿಸಿಕೊಂಡೆ. 1941ರ ಕಯ್ಯೂರು ರೈತ ಹೋರಾಟದ ಕಥೆ, ನಮ್ಮ ಜಿಲ್ಲೆಯದು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಇದು ನಿಜವೋ, ಇದು ಕಟ್ಟಿದ್ದೋ ಅಂತ ಪುಟಪುಟಕ್ಕೂ ಗುರುತು ಹಾಕುತ್ತಾ ಹೋದೆ. ಮುಗಿದಾಗ ಒಬ್ಬ ಮನುಷ್ಯನ ಮುಖವೂ ನೆನಪಿನಲ್ಲಿ ಉಳಿದಿರಲಿಲ್ಲ.

ಎರಡನೇ ಸಲ ಅಮ್ಮನಿಗೆ ಓದಿ ಹೇಳಿದೆ. ಅವರಿಗೆ ಕಣ್ಣು ಮಂಜು. ಗೇಣಿ ಅಳೆದುಕೊಡುವ ವಿಷಯ ಬಂದಾಗ ‘ನಿಲ್ಲು’ ಅಂದರು. ಧಣಿಗಳ ಮನೆಯ ಅಂಗಳದಲ್ಲಿ ತಮ್ಮ ಅಪ್ಪ ಭತ್ತದ ಮುಡಿ ಇಳಿಸಿ, ಹೆಗಲ ಮೇಲಿನ ಬೈರಾಸು ತೆಗೆದು ಸೊಂಟಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದರಂತೆ. ಹೆಗಲ ಮೇಲೆ ಬಟ್ಟೆ ಇರಕೂಡದು. ನಲವತ್ತು ವರ್ಷದಲ್ಲಿ ಈ ಮಾತು ನನಗೆ ಒಮ್ಮೆಯೂ ಹೇಳಿರಲಿಲ್ಲ. ಅವತ್ತು ಮುಂದೆ ಓದಲಿಲ್ಲ.

ಮಸ್ಕತ್‌ನಿಂದ:
ನಾನು ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದು ಸಂವಿಧಾನ ಓದಿ ಅಂದರೆ ಕೈಮುಗಿಯುತ್ತೇನೆ. ಅರ್ಥ ಮಾಡಿಕೊಳ್ಳಲೇಬೇಕು ಅನ್ನುವ ಹಟವೂ ಒಂದು ಸುಸ್ತು. ನಮ್ಮೂರು ಗದಗದ ಹತ್ತಿರ. ಅಜ್ಜ ಸಂಜೆ ಕಟ್ಟೆ ಮೇಲೆ ಕೂತು ಕುಮಾರವ್ಯಾಸ ಭಾರತ ಓದುತ್ತಿದ್ದರು. ಈಗ ಶುಕ್ರವಾರ ನನಗೆ ರಜೆ. ಅಪ್ಪನಿಗೆ ಫೋನ್ ಮಾಡುತ್ತೇನೆ, ಅವರು ಐದು ಪದ್ಯ ಓದುತ್ತಾರೆ. ಪದ್ಯಕ್ಕೆ ಆರು ಸಾಲು, ಒಟ್ಟು ಮೂವತ್ತು. ಅರ್ಧ ನನಗೆ ತಿಳಿಯುವುದಿಲ್ಲ. ಅಪ್ಪ ನಿಲ್ಲಿಸಿ ಹೇಳುತ್ತಾರೆ, ಹೇಳುತ್ತಾ ಹೇಳುತ್ತಾ ಊರಿನ ಪಂಚಾಯಿತಿ ರಾಜಕೀಯಕ್ಕೆ ಇಳಿಯುತ್ತಾರೆ. ದುರ್ಯೋಧನ ಯಾರು ಅಂತ ವಾರವಾರವೂ ಬದಲಾಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಾನೂ ಒಂದು ಪ್ರಶ್ನೆ ಬರೆದುಕೊಂಡೆ: ನಮ್ಮ ಬಡಾವಣೆ ಇರುವ ಜಾಗದಲ್ಲಿ ಮೊದಲು ಕೆರೆ ಇತ್ತಂತೆ, ಅದು ಯಾರದಾಗಿತ್ತು? ಎಲ್ಲಿಂದ ಶುರು ಮಾಡಬೇಕೋ ತಿಳಿಯದು. ಹುಬ್ಬಳ್ಳಿಯವರೇ, ಆ ಷಾ ಚರ್ಚೆ ಎಲ್ಲಿ ಸಿಕ್ಕಿತು?

ಹುಬ್ಬಳ್ಳಿಯಿಂದ:
ಸಂವಿಧಾನ ಸಭೆಯ ಚರ್ಚೆಗಳು ಇಂಗ್ಲಿಷ್‌ನಲ್ಲಿ ಆನ್‌ಲೈನ್‌ನಲ್ಲೇ ಪುಕ್ಕಟೆ ಇವೆ. ತಾರೀಖು ಹಿಡಿದು ಹುಡುಕಿ: 1948ರ ನವೆಂಬರ್ 15. ಕೆರೆಗೆ ಮಾತ್ರ ಪುಸ್ತಕಕ್ಕಿಂತ ಮೊದಲು ಹಳೇ ಸರ್ವೆ ನಕ್ಷೆ ನೋಡಿ. ಸರ್ವೆ ನಂಬರ್ ಗೊತ್ತಾ?